ಯಾರೂ ಕೇಳದ್ದು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂಬದಿ
ಪಹಣಿ, ಜೆರಾಕ್ಸ್, ಆಧಾರ್ ತಿದ್ದುಪಡಿಯ ಅಂಗಡಿ.
ಇಮ್ದಾದ್ ಸಾಬರದ್ದು ಒಂದೇ ದೂರು:
"ಮಧ್ಯಾಹ್ನ ಮೂರಕ್ಕೆಲ್ಲ ಡೇಟಾ ಖಾಲಿ ಮೇಡಂ.
ಸಿನಿಮಾ ನೋಡೋರಿಲ್ಲ, ಮಗ ಕೋಲಾರದ ಹಾಸ್ಟೆಲಲ್ಲಿ.
ಯಾರು ತಿಂತಾರೆ?"

ನನ್ನ ಹಳೆಯ ಲ್ಯಾಪ್‌ಟಾಪನ್ನು
ಅವರ ಕಂಪ್ಯೂಟರಿಗೂ ಹೊರಲೋಕಕ್ಕೂ ನಡುವೆ
ಹೊಸ್ತಿಲ ಹಾಗೆ ಇಟ್ಟೆ.
ಹುಳುಮನೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿರುತ್ತಲ್ಲ,
ಯಾರೇ ಆಗಲಿ ಕಾಲದ್ದಿಯೇ ದಾಟಬೇಕು,
ಪ್ರಾಕ್ಸಿ ಅಂದರೆ ಅದೇ, ಅಂದೆ.
"ಕಾಲು ತೊಳೆಯುತ್ತಾ?"
ಇಲ್ಲ. ಸದ್ಯಕ್ಕೆ ಹೆಜ್ಜೆ ಬರೆದಿಟ್ಟುಕೊಳ್ಳುತ್ತೆ.

ಶಟರ್ ಅರ್ಧ ಎಳೆದು
ಬ್ರೌಸರ್ ಒಂದನ್ನೇ ತೆರೆದೆವು. ಖಾಲಿ ಪುಟ.
ಮೌಸ್ ಮುಟ್ಟದೆ ಕೈಕಟ್ಟಿ ಕೂತೆವು
ಸ್ಟುಡಿಯೋದಲ್ಲಿ ಫೋಟೋಗೆ ಕೂತವರ ಹಾಗೆ.

ಒಂದು ಸಾಲು ಬಿತ್ತು.
ಆಮೇಲೆ ಏಳು.
ಆಮೇಲೆ ಎಣಿಸುವುದು ಬಿಟ್ಟೆ.

ಕಾಣುತ್ತಿದ್ದದ್ದು ಲಕೋಟೆಯ ಮೇಲಿನ ವಿಳಾಸ ಮಾತ್ರ,
ಒಳಗಿನ ಕಾಗದ ಅಂಟಿಸಿದ್ದು. ವಿಳಾಸ ನೋಡಿ ಊಹಿಸಿದೆ:
ಹೊಸ ಆವೃತ್ತಿ ಬಂತೇ ಎಂದು ವಿಚಾರಣೆ,
ಯಾರದೋ ಮದುವೆಯ ಸುದ್ದಿ, ಬೇರೆ ದೇಶದ ಹವಾಮಾನ,
ಹೋದ ವರ್ಷ ಒಮ್ಮೆ ಬೆಲೆ ಕೇಳಿ ಬಿಟ್ಟ ಮಿಕ್ಸಿ,
ಈ ಯಂತ್ರ ಎಷ್ಟು ಹೊತ್ತು ಎದ್ದಿತ್ತು, ಎಲ್ಲಿ ಎಡವಿತು
ಎಂಬ ಚಾಡಿ
ಮತ್ತೆ ಮತ್ತೆ ಅದೇ ಊರಿಗೆ.
ಪುಟ ಮಾತ್ರ ಬಿಳಿ. ಹಾಲು ಕುಡಿದು ಮಲಗಿದ ಮಗುವಿನ ಮುಖ.

ಇಮ್ದಾದ್ ಸಾಬರು ತುಂಬ ಹೊತ್ತು ಸುಮ್ಮನಿದ್ದರು.
"ಚಿಕ್ಕವನಿದ್ದಾಗ ಚೀಮಂಗಲದ ಗೆಳೆಯನ ಹುಳುಮನೆಯಲ್ಲಿ ಮಲಗ್ತಿದ್ದೆ.
ನಾಲ್ಕನೇ ಜ್ವರ ಎದ್ದ ಹುಳ. ಸೊಪ್ಪು ಹಾಕಿ ದೀಪ ಆರಿಸಿದರೆ
ಒಂದೂ ಕಾಣದು, ರಾತ್ರಿಯೆಲ್ಲ ಮೇಯುವ ಸದ್ದು.
ಇದೂ ಹಾಗೇ. ಆದರೆ ಅವು ಕಡೆಗೊಂದು ಗೂಡು ಕಟ್ಟುತ್ತವೆ.
ಇವು ಯಾರಿಗೆ ಕಟ್ಟುತ್ತಿವೆ?"

ಹುಳುವೂ ತನಗೇ ಅಂದುಕೊಂಡೇ ಕಟ್ಟುತ್ತೆ—
ಬಾಯಿಗೆ ಬಂದದ್ದನ್ನು ನುಂಗಿದೆ,
ಮೂರು ತಲೆಮಾರು ಕುದಿನೀರಲ್ಲಿ ಎಳೆ ಹುಡುಕಿದ ಮನೆತನದ ಮುಂದೆ.

ಒಂದೊಂದೇ ವಿಳಾಸಕ್ಕೆ ಅಗುಳಿ ಹಾಕುತ್ತ ಬಂದೆ.
ಬೇಡ. ಇದೂ ಬೇಡ. ಇದು ಹೆಸರು ಬದಲಿಸಿ ಬಂದಿದೆ, ಬೇಡ.
ಟೀ ಎರಡು ಸಲ ಆರಿತು.

ಕೊನೆಗೆ ಉಳಿದದ್ದು ಒಂದು.
ಅದೊಂದೇ ಲಕೋಟೆಯಿಲ್ಲದ್ದು, ಬರೀ ಕಾರ್ಡು.
ಆಗಾಗ ಹೋಗುತ್ತೆ, ಒಂದೇ ಮಾತು ಹೊತ್ತು ತಿರುಗಿ ಬರುತ್ತೆ.
"ಏನು ಕೇಳುತ್ತೆ?"
ಹೊರಗೆ ಲೋಕ ಇದೆಯಾ ಅಂತ.
"ಏನಂತಾರೆ?"
ಇದೆ ಅಂತಾರೆ.
"ಅಷ್ಟೇನಾ?"
ಅಷ್ಟೇ.
"ಅದಕ್ಕೆಷ್ಟು ಡೇಟಾ?"
ಲೆಕ್ಕಕ್ಕಿಲ್ಲ.
"ಹಾಗಿದ್ರೆ ಇರಲಿ ಬಿಡಿ, ಪಾಪ."

ಬೀಗ ಹಾಕಿ, ಮೆಟ್ಟಿಲ ಮೇಲೆ ನಿಂತು
ಮಗನಿಗೊಂದು ಮಿಸ್ಡ್ ಕಾಲ್ ಕೊಟ್ಟರು.
ಅತ್ತಲಿಂದಲೂ ಒಂದು ಬಂತು.
ಇಬ್ಬರೂ ಎತ್ತಲಿಲ್ಲ.