ಬೆರಳಿಡದ ತೂಕ

ಮೂವತ್ತೊಂದು ವರ್ಷ ಮೀನು ತೂಗಿದ್ದೇನೆ
ವಾಲ್ಪರೈಸೊ ಬಂದರಿನ ಕಟ್ಟೆಯಲ್ಲಿ.
ಹಾವುಮೀನನ್ನು ಕಿವಿರು ಹಿಡಿದೆತ್ತಿದರೆ ಸಾಕು,
ಕೈ ಹೇಳುತ್ತದೆ: ಎರಡು ಕಿಲೊ, ಮೇಲೆ ಒಂದಿಷ್ಟು.
ತಕ್ಕಡಿ ಬರೀ ಗಿರಾಕಿಯ ಸಮಾಧಾನಕ್ಕೆ.

ಸುನಿಲ್ಡಾ ತಟ್ಟೆಯ ಮೇಲೆ ಬೆರಳಿಡುವವಳಲ್ಲ,
ಅದು ಊರಿಗೇ ಗೊತ್ತು.
ಹಾಗಾಗಿ ಆಸ್ಪತ್ರೆಯ ಯಂತ್ರ ನೂರ ಹದಿನೆಂಟು ಎಂದಾಗ
ಯಂತ್ರ ಕೆಟ್ಟಿದೆ ಅನ್ನಲು ಬಾಯಿ ಬರಲಿಲ್ಲ.
ಚಪ್ಪಲಿ ಮಾತ್ರ ಬಿಟ್ಟೆ.
ನೂರ ಹದಿನೇಳೂವರೆ.

ಡಾಕ್ಟರ್ ಇಟುರಿಯೆಟಾ, ಮೀಸೆ ಇನ್ನೂ ಬಲಿಯದ ಹುಡುಗ,
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ.
ಎರಡು ಮೂಳೆಯ ನಡುವೆ ಒಂದು ಕಪ್ಪು ಗೆರೆ ಇರಬೇಕಂತೆ.
ನನಗಿಲ್ಲ.
ಮಳೆಗೆ ಉಬ್ಬಿದ ಬಾಗಿಲು ಹೊಸ್ತಿಲಿಗೆ ಉಜ್ಜುವ ಹಾಗೆ
ಮೂಳೆಗೆ ಮೂಳೆ.
ಬದಲಾಯಿಸಬೇಕು, ಎಂದ,
ಆದರೆ ಮೊದಲು ಇಪ್ಪತ್ತು ಕಿಲೊ ಇಳಿಸಿ ಬನ್ನಿ.
ಹೇಗೆ?
ನಡೆಯಿರಿ, ಎಂದ.

ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ನಾನು ನಕ್ಕೆ. ಅವನು ಬರೆದುಕೊಳ್ಳುತ್ತಿದ್ದ.

ಮೇಜಿನ ಮೇಲಿತ್ತು ಆ ಹೊಸ ಮೊಣಕಾಲು,
ಉಕ್ಕಿನ ಎರಡು ಬೆನ್ನು, ನಡುವೆ ಬಿಳಿ ಪ್ಲಾಸ್ಟಿಕ್ ನಾಲಿಗೆ.
ಕೈಗೆತ್ತಿಕೊಂಡೆ. ನಾನೂರ ಎಂಬತ್ತು ಗ್ರಾಂ.
ಒಂದು ಸಣ್ಣ ಮೀನಿನ ತಲೆ.
ಇಷ್ಟಕ್ಕೇ ಇಷ್ಟೆಲ್ಲ?

ಮನೆಗೆ ನೂರ ಅರವತ್ತೆರಡು ಮೆಟ್ಟಿಲು.
ಗುಡ್ಡದ ಹಳಿಗಾಡಿ ನಿಂತು ಆರು ವರ್ಷ,
'ಸದ್ಯದಲ್ಲೇ' ಎಂಬ ಫಲಕಕ್ಕೂ ತುಕ್ಕು ಹಿಡಿದಿದೆ.
ಹತ್ತುವುದು ಹೇಗೋ ಆಗುತ್ತದೆ.
ಇಳಿಯುವಾಗಲೇ ಒಳಗೆ ಯಾರೋ ಗಾಜು ಅಗಿಯುತ್ತಾರೆ.
ಅದಕ್ಕೇ ಹಿಮ್ಮುಖವಾಗಿ ಇಳಿಯುತ್ತೇನೆ
ಕಡಲಿಗೆ ಬೆನ್ನು ಕೊಟ್ಟು, ಕಂಬಿ ಹಿಡಿದು,
ಹೊಳೆ ದಾಟಲು ಹೆದರಿದ ಹಸುವಿನ ಹಾಗೆ.

ಎಲ್ಲರಿಗೂ ಒಂದೊಂದು ಮಾತಿದೆ.
ನೋಲ್ಫಾ ಮಾಡಿಸಿಕೊಂಡಳು, ಮೊಮ್ಮಗಳ ಮದುವೆಯಲ್ಲಿ ಕುಣಿದಳು.
ಮೂಲೆಯ ಕ್ಷೌರಿಕನೂ ಮಾಡಿಸಿಕೊಂಡ,
ಈಗ ಕಾಲು ಮಡಚುವುದಿಲ್ಲ, ಬಸ್ಸಿನಲ್ಲಿ ಓಣಿಗೆ ಅಡ್ಡ ಚಾಚಿ ಕೂರುತ್ತಾನೆ.
ಬ್ರೆಡ್ಡಿನ ಅಂಗಡಿಯಲ್ಲಿ ಕಣ್ಣುಗಳು ನನ್ನ ಚೀಲಕ್ಕಿಳಿಯುತ್ತವೆ,
ಒಂದು ತೆಗೆದುಕೊಂಡಳೋ ಎರಡೋ.
ನಾನು ಎಂದೂ ಇಡದ ಬೆರಳನ್ನು
ನನ್ನ ತಟ್ಟೆಯ ಮೇಲೆ ಊರೆಲ್ಲ ಇಡುತ್ತದೆ.

ನಿನ್ನೆ ಸಂಜೆ ಕಟ್ಟೆ ಖಾಲಿಯಾದ ಮೇಲೆ
ಒಂದು ಪೆಟ್ಟಿಗೆಗೆ ಮೀನು ತುಂಬಿದೆ, ಮಂಜುಗಡ್ಡೆ ಸೇರಿ
ಸರಿಯಾಗಿ ಇಪ್ಪತ್ತು ಕಿಲೊ.
ಎದೆಗವಚಿ ಎತ್ತಿದೆ.
ಮೊಣಕಾಲು ಕಿರುಚಿತು, ನಾನೂ.
ಹತ್ತು ಎಣಿಸಿ ಕೆಳಗಿಟ್ಟೆ.

ಆ ಇಟ್ಟ ಕ್ಷಣ.
ಅದನ್ನು ಹೇಗೆ ಹೇಳಲಿ.
ಅಳುತ್ತಿದ್ದ ಕೂಸು ಇದ್ದಕ್ಕಿದ್ದಂತೆ
ತನ್ನ ಬೆರಳನ್ನೇ ಚೀಪತೊಡಗಿದ ಹಾಗೆ.
ಇಷ್ಟು ಹಗುರವಾಗಿ ನಾನೊಮ್ಮೆ ಇದ್ದೆ, ಅದೂ ಬಹಳ ವರ್ಷ,
ಆಗ ಅದಕ್ಕೊಂದು ಹೆಸರೂ ಇಟ್ಟಿರಲಿಲ್ಲ.

ಸಹಿ ಹಾಕಬೇಕಾದ ಕಾಗದ ಏಪ್ರನ್ನಿನ ಜೇಬಿನಲ್ಲಿದೆ,
ಅದಕ್ಕೆ ಎರಡು ಮೀನಿನ ಪೊರೆ ಅಂಟಿವೆ.
ಸರದಿ ಬರಲು ಎರಡು ವರ್ಷವಂತೆ, ಮೂರೂ ಆಗಬಹುದಂತೆ.
ಚಾಕು ಅಂದರೆ ನನಗೆ ಭಯವಿಲ್ಲ, ದಿನವೂ ಹಿಡಿಯುತ್ತೇನೆ.
ಅದಕ್ಕೇ ಭಯ.

ಇವತ್ತು ಎಪ್ಪತ್ತೊಂದನೆಯ ಮೆಟ್ಟಿಲಿನ ತಿರುವಿನಲ್ಲಿ
ಒಂದು ಕುರ್ಚಿ ಕಂಡಿತು.
ಬೆಲಾರ್ಮಿನೊ ತಾನಲ್ಲ ಎಂದ. ಅವನ ತಾಯಿಯೂ ಅಲ್ಲವಂತೆ.
ಒಂದು ಕಾಲು ತುದಿಯಲ್ಲಿ ಮುರಿದಿದೆ,
ಕೆಳಗೆ ರಟ್ಟು ಮಡಚಿ ಇಟ್ಟಿದ್ದಾರೆ.
ಕೂತೆ. ತಡೆಯಿತು.
ಅದಕ್ಕೆ ಮೂರೂಮುಕ್ಕಾಲು ಕಾಲು,
ನನಗೆ ಒಂದೂಕಾಲು.
ಇಬ್ಬರಿಗೂ ಸೇರಿ ಐದು.

ಕೆಳಗೆ ಹಡಗೊಂದು ಸರಕು ಇಳಿಸುತ್ತಿತ್ತು.
ನೀರಿನ ಗೆರೆ ಬಿಟ್ಟು ಅದು ಮೇಲೇಳುವುದನ್ನು
ಬಹಳ ಹೊತ್ತು ನೋಡಿದೆ.
ಇನ್ನು ತೊಂಬತ್ತೊಂದು ಇವೆ.