ಮೊಹರು ಮಾಡಿದ ಲಕೋಟೆ

ನವನಗರದ ಕೋರ್ಟಿನಾಗ ನಾನು ಸ್ಟೆನೋ.
ಹದಿನಾರು ವರ್ಷ ಆತು, ಹೆಸರು ಅಳಸೂದೂ ನನ್ನ ಕಸುಬು.
ಸಾಹೇಬರು ಹೇಳತಾರ, ನಾ ಬಡೀತೀನಿ:
ಹುಡುಗಿ ಅಂದಲ್ಲಿ ಸಂತ್ರಸ್ತೆ,
ಅಪ್ಪ ಅಂದಲ್ಲಿ ಸಾಕ್ಷಿ ಎರಡು,
ಓಣಿ, ಕಾಲೇಜು, ಮಗ್ಗದ ಮನಿ
ಬರೇ ಚುಕ್ಕಿ, ಚುಕ್ಕಿ, ಚುಕ್ಕಿ.

ಆಕಿ ಯಾರಂತ ಊರಿಗೆ ಗೊತ್ತಾಗಬಾರದು,
ಕಾನೂನು ಹೇಳೂದು ಇಷ್ಟ.
ನಮಗೇನು ಇದು ಹೊಸಾದಲ್ಲ.
ಹಳೇ ಬಾಗಲಕೋಟಿ ನೀರಾಗ ಹೋದಾಗ
ನಮ್ಮ ಓಣಿ ಹೆಸರೂ ಅದರ ಕೂಡ ಹೋತು,
ಈಗ ನಾವು ಸೆಕ್ಟರ್ ನಂಬರಿನ ಮಂದಿ.
ಆದ್ರ ಬ್ಯಾಸಗ್ಯಾಗ ಹಿನ್ನೀರು ಇಳದರ
ಯಾರದೋ ಕಟ್ಟಿ, ಹೊಸ್ತಿಲ, ನೆಲದಾಗಿನ ಒಳ್ಳು
ಹೇಳದ ಕೇಳದ ಮ್ಯಾಲ ಏಳತಾವು.
ಮಂದಿ ಮೋಟರ್ ಸೈಕಲ್ ಹತ್ತಿ ನೋಡಾಕ ಹೋಗತಾರ.

ಜಾಮೀನಿನ ಮ್ಯಾಲ ಹೊರಗ ಬಂದಾಂವ
ಮೂರನೇ ದಿನ, ರಾತ್ರಿ ಹನ್ನೊಂದೂವರಿಗೆ
ಆಕಿ ಫೋಟೋ ಹಾಕಿದ.
ಖಣದ ಕುಬಸ, ಗ್ಯಾದರಿಂಗಿನ ದಿನದ್ದು, ಹಲ್ಲು ಕಾಣೂವಂಗ ನಗೂದು.
ಕೆಳಗ ಹೆಸರು, ಅಡ್ಡಹೆಸರು, ಅಪ್ಪನ ಅಂಗಡಿ ಫೋನು.
'ಇಕೀನ ನೋಡ್ರಿ ಆ ಸಂತ್ರಸ್ತೆ.'
ನಾ ಬಡದ ಶಬ್ದಾನ ಎತ್ತಿಕೊಂಡಿದ್ದ.

ಮುಂಜಾನೆ ನಮ್ಮ ಜವಾನ ಸಂಗಯ್ಯನ ಮೊಬೈಲಿನಾಗೂ ಇತ್ತು.
'ನಾ ಯಾರಿಗೂ ಕಳಿಸಿಲ್ಲ ಬಾಯಾರ, ಬರೇ ನೋಡಿದೆ.'
ಬರೇ ನೋಡಿದವರು ಎಷ್ಟು ಮಂದಿ ಅಂತ
ಸಣ್ಣ ಕಣ್ಣಿನ ಚಿತ್ರದ ಬಾಜೂಕ ಲೆಕ್ಕ ಇತ್ತು.

ಮಧ್ಯಾಹ್ನ ಆದೇಶ: ಜಾಮೀನು ರದ್ದು.
ಚಿತ್ರ ತಗೀಬೇಕು, ಎಲ್ಲೆಲ್ಲಿ ಐತಿ ಅಲ್ಲೆಲ್ಲಾ.
ಎಲ್ಲೆಲ್ಲಿ ಅಂತ ಬರೀಬೇಕಲ್ಲ,
ಲಿಂಕ್ ಒಂದೊಂದ ಬಡದೆ.
ಪ್ರತಿ ಲಿಂಕಿನ ಹೊಟ್ಟ್ಯಾಗ ಆಕಿ ಹೆಸರು.
ಹದಿನಾರು ವರ್ಷ ಅಳಸಿದ ಕೈ
ಅವತ್ತು ಅದನ್ನ ನಲವತ್ತೊಂದು ಸಲ ಬರೀತು,
ಅಳಸ್ರಿ ಅಂತ ಹೇಳಾಕ.
ಹಾಳಿ ಲಕೋಟ್ಯಾಗ ಹಾಕಿ, ಅರಗು ಕಾಸಿ
ಮೊಹರು ಒತ್ತಿದೆ. ಬಟ್ಟು ಸುಟ್ಟಿತು.

ಎಷ್ಟು ಮಂದಿ ಇಳಿಸಿಕೊಂಡು ಇಟಗೊಂಡಾರೋ,
ಆ ಲೆಕ್ಕ ಯಾವ ಆದೇಶದಾಗೂ ಇರಲಿಲ್ಲ.

ಮುಂದಿನ ತಾರೀಕಿಗೆ ಆಕಿ ಬಂದಳು.
ಹಿಂದ ಅವ್ವ, ಮುಂದ ಆಕಿ.
ಸಂಗಯ್ಯ ಕೇಸಿನ ನಂಬರ್ ಕೂಗಿದ, ಕಣ್ಣು ನೆಲಕ್ಕ ಹಾಕಿ.
ಹೇಳಿಕಿ ಮುಗದ ಮ್ಯಾಲ ಹಾಳಿ ಮುಂದ ಸರಿಸಿದೆ.
'ಇಲ್ಲಿ ಏನಂತ ಬರೀಲ್ರಿ ಅಕ್ಕಾರ?'
'ನಿಂದ ಬರಿಯವ್ವಾ.'

ಪೆನ್ನು ಒತ್ತಿ, ಕೊಂಬು, ದೀರ್ಘ ಎಲ್ಲಾ ಸರಿಯಾಗಿ,
ಕೆಳಗಿನ ಹಾಳಿಗೂ ಮೂಡೂವಂಗ ಬರದಳು.
ಬರದು, ಅದರ ಮ್ಯಾಲ ಉಸಿರು ಊದಿ
ಶಾಯಿ ಒಣಗೂತನಕ
ಕೈ ಅಡ್ಡ ಹಿಡಕೊಂಡು ನಿಂತಳು.