ಲೆಕ್ಕಕ್ಕುಂಟು

ಸೆಪ್ಟೆಂಬರ್ ಇಪ್ಪತ್ತು. ಕ್ಯಾನ್ಸಸ್‌ನಲ್ಲಿ ತಲೆ ಎಣಿಸುವ ದಿನ.
ಇವತ್ತು ಬೆಂಚಿನ ಮೇಲೆ ಕೂತ ಮಕ್ಕಳಿಗಷ್ಟೇ
ಟೊಪೀಕಾದಿಂದ ದುಡ್ಡು ಬರುತ್ತದೆ, ವರ್ಷವಿಡೀ.
ನಿನ್ನೆ ಬಂದವರು, ನಾಳೆ ಬರುವವರು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅದಕ್ಕೇ ಅಡುಗೆಮನೆಯ ಲೊರೀನ್ ಬೆಳಗ್ಗೆ ಐದಕ್ಕೇ ಬಂದು
ದಾಲ್ಚಿನ್ನಿ ರೋಲು ಬೇಯಿಸಿದ್ದಾಳೆ,
ವಾಸನೆಗಾದರೂ ಬರಲಿ ಎಂದು.
ಗೋಧಿ ಕಣಜದ ಗೋಪುರದ ತನಕ ತೇಲುತ್ತದೆ ಅದು
ಗಾಳಿ ತಿರುಗುವವರೆಗೆ.
ತಿರುಗಿದರೆ, ದನ ಕಡಿಯುವ ಕಾರ್ಖಾನೆಯದು.
ಆ ಕಾರ್ಖಾನೆ ಇಲ್ಲದಿದ್ದರೆ ಈ ಸ್ಕೂಲೂ ಇರುತ್ತಿರಲಿಲ್ಲ,
ಮೂಗು ಮುಚ್ಚಿಕೊಂಡವರಿಗೆ ಇಷ್ಟೇ ಹೇಳುತ್ತೇನೆ.

ಇಪ್ಪತ್ತಾರು ವರ್ಷದಿಂದ ಆಫೀಸಿನ ಈ ಕಿಟಕಿಯ ಹಿಂದೆ ನಾನು.
ಮೊದಲ ಹಾಜರಿ ಪುಸ್ತಕದಲ್ಲಿ ಎಲ್ಲಾ ನಮ್ಮವೇ ಹೆಸರು:
ಕ್ರೌಸ್, ಡ್ರೈಲಿಂಗ್, ಇನ್ನೊಬ್ಬ ಕ್ರೌಸ್.
ಈಗ ಅಬ್ಶಿರ್ ಪಕ್ಕ ಎ ಥಾ ಸೋ, ಅವನ ಪಕ್ಕ
ಚಿವಾವಾದಿಂದ ಬಂದ ಉದ್ದಲಂಗದ ಹೆಲೇನಾ ಫ್ರೀಸೆನ್,
ಹೆಚ್ಚುಕಡಿಮೆ ನನ್ನಜ್ಜಿ ಬೈಯುತ್ತಿದ್ದ ಜರ್ಮನ್ನಿನಲ್ಲೇ
ಪೆನ್ಸಿಲ್ ಕದ್ದವರನ್ನು ಬೈಯುತ್ತಾಳೆ.
ವರದಿಯಲ್ಲಿ ಇದಕ್ಕೊಂದು ಕಾಲಂ: ವೈವಿಧ್ಯ.
ಪಕ್ಕದ ಕಾಲಂ: ಓದು, ರಾಜ್ಯದ ಗೆರೆಗಿಂತ ಕೆಳಗೆ.
ಕಾಫಿ ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಿಗೆ ಓದುತ್ತಾರೆ,
ನನ್ನ ತಮ್ಮ ವರ್ಲಿನ್ ಕೂಡ.

ಏಪ್ರಿಲ್‌ನಲ್ಲಿ ಸ್ಕೂಲಿನ ತೆರಿಗೆಗೆ ಮತ ಕೇಳಿ
ಹನ್ನೊಂದು ಓಟಿನಲ್ಲಿ ಸೋತೆವು.
ವರ್ಲಿನ್ ಯಾವ ಕಡೆ ಹಾಕಿದ, ನಾನು ಕೇಳಲಿಲ್ಲ.
ಮೇ ತಿಂಗಳಲ್ಲಿ ಅಮ್ಮನ ಸಮಾಧಿಗೆ ಹೂವಿಡಲು
ಬೇರೆ ಬೇರೆ ಹೋದೆವು.
ಬ್ಯಾಂಡ್ ಮೇಷ್ಟ್ರು ಊರು ಬಿಟ್ಟರು. ತುತ್ತೂರಿಗಳು ಬೀರುವಿನಲ್ಲಿವೆ.

ಹತ್ತೂವರೆಗೆ ಒಂದು ಜಾಗ ಖಾಲಿ. ಐದನೇ ಕ್ಲಾಸು, ಮಿಕಾಯೆಲಾ ಸಾಕ್.
ಫೋನು ಎತ್ತುವವರಿಲ್ಲ. ನನ್ನ ಪಿಕಪ್ ತೆಗೆದು ಹೊರಟೆ,
ರೈಲುಹಳಿಯಾಚೆಗೆ, ಟ್ರೇಲರ್ ಮನೆಗಳ ಸಾಲಿಗೆ, ಹದಿನಾಲ್ಕನೆಯದು.
ಬಾಗಿಲಲ್ಲಿ ರಬ್ಬರ್ ಬೂಟು, ಇನ್ನೂ ಒದ್ದೆ.
ರಾತ್ರಿ ಪಾಳಿ ಮುಗಿಸಿದ ತಾಯಿ ಒಳಗೆ ನಿದ್ದೆಯಲ್ಲಿ.
ಮಗಳು ಸೊಂಟದ ಮೇಲೆ ತಮ್ಮನನ್ನಿಟ್ಟುಕೊಂಡು ನಿಂತಿದ್ದಳು.
"ಇವನನ್ನ ನೋಡಿಕೊಳ್ಳೋ ಆಂಟಿಗೆ ಜ್ವರ, ಮಿಸ್."
"ಅವನನ್ನೂ ಕರಕೋ," ಅಂದೆ.
ತಾಯಿಯ ಭುಜ ಅಲುಗಿಸಿ, ಹೇಳಿ ಬಂದಳು.

ಆಗಸ್ಟ್‌ನಲ್ಲಿ ಇದೇ ಹುಡುಗಿ ಕಿಟಕಿಯ ಮುಂದೆ ನಿಂತು
"ಮನೆಮಾತು ಸ್ಪ್ಯಾನಿಷ್ ಅಲ್ಲ" ಎಂದು ತಿದ್ದಿದ್ದಳು.
ಕಿಚೆ. ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕಿದೆ, ಇರಲಿಲ್ಲ.
'ಇತರೆ' ಒತ್ತಿದೆ. ಅವಳು ನೋಡುತ್ತಿದ್ದಳು.
ಕ್ಲಿನಿಕ್ಕಿನಲ್ಲಿ ತಾಯಿಯ ಮಣಿಕಟ್ಟಿನ ನೋವನ್ನು
ಕಿಚೆಯಿಂದ ಇಂಗ್ಲಿಷಿಗೆ ದಾಟಿಸುವವಳು,
ಚೀಟಿ ಓದಿ ಮಾತ್ರೆ ಎಣಿಸಿ ಕೊಡುವವಳು.
ಪರೀಕ್ಷೆ ಅವಳನ್ನು ಕೇಳಿದ್ದು ಹಾಯಿದೋಣಿಗಳ ಬಗ್ಗೆ,
ನಾಲ್ಕು ಪ್ಯಾರಾ. ಈ ಸೀಮೆಯಲ್ಲಿ
ನೀರೆಂದರೆ ದನದ ತೊಟ್ಟಿ.

ಪಿಕಪ್ಪಿನಲ್ಲಿ ಕೇಳಿದಳು: "ನಾನು ಬಂದ್ರೆ ಎಷ್ಟು ಸಿಗುತ್ತೆ?"
ಸುಳ್ಳು ಹೇಳಬಹುದಿತ್ತು. ಮೊತ್ತ ಹೇಳಿದೆ.
ಹಳಿ ಬರುವವರೆಗೆ ತುಟಿಯಲ್ಲೇ ಏನೋ ಭಾಗಿಸಿದಳು.
"ಅಮ್ಮನ ಏಳು ವಾರ," ಅಂದಳು.
ಆಮೇಲೆ, "ಇವನಿಗೆ?"
"ಇವನಿಗೆ ಇನ್ನೂ ಏನೂ ಇಲ್ಲ."
ತಮ್ಮನ ಕಿವಿಯಲ್ಲಿ ಏನೋ ಉಸುರಿದಳು, ಇತರೆ ಭಾಷೆಯಲ್ಲಿ.
ಇಬ್ಬರೂ ನಕ್ಕರು. ನನಗೆ ಯಾರೂ ಅನುವಾದಿಸಲಿಲ್ಲ.

ಎರಡು ಗಂಟೆಗೆ ಬರೆದೆ: ಐನೂರ ತೊಂಬತ್ತೆಂಟು.
ಹೋದ ವರ್ಷಕ್ಕಿಂತ ಹದಿಮೂರು ಕಡಿಮೆ.
ಬ್ಯಾಂಡಿಗೆ ಸಾಲದು. ಎರಡನೇ ಬಸ್ಸಿಗೆ, ಬಹುಶಃ.
ಮೇಜಿನ ಕೆಳಗೆ ಆ ಮಗು
ದಾಲ್ಚಿನ್ನಿ ಅಂಟಿದ ಕೈಯಲ್ಲಿ
ಸಹಿಯಾದ ಹಾಳೆಯನ್ನು ಹಿಸುಕಿ ಬಾಯಿಗಿಟ್ಟುಕೊಂಡಿತ್ತು.
ಕಿತ್ತುಕೊಳ್ಳಲಿಲ್ಲ.
ಇನ್ನೊಂದು ಪ್ರತಿ ತೆಗೆದೆ.